ಬರೀ ಹೆಸರಿಗೇ ದುಡ್ಡು ಸುರಿಯೋ ಏರಿಯಾಗಳು ಯಾವ ಬಗೆಯವು? ಗುರುತಿಸೋದು ಹೇಗೆ?

ಹೊಸಿಲು:

ಯಾವ ನಗರ ತಗೊಂಡ್ರೂ ನಾಲ್ಕೈದು ಬಡಾವಣೆಗಳ ಹೆಸರು ಎಲ್ಲರ ಬಾಯಲ್ಲಿ ಇರುತ್ತೆ. "ಇದ್ರೆ ಅಲ್ಲಿರಬೇಕಪ್ಪ" ಅಂತಾರೆ. ಅಲ್ಲಿಗೆ ಹೋದವರಲ್ಲಿ ಎಷ್ಟೋ ಜನ ಎರಡು ವರ್ಷ ತುಂಬೋ ಮುಂಚೆ ಬೇರೆ ಕಡೆ ಮನೆ ಹುಡುಕೋಕೆ ಶುರು ಮಾಡ್ತಾರೆ. ಇಲ್ಲಿ ಕೇಳ್ತಿರೋದು ಇಂಥದ್ದೇ ಊರಿನ ಇಂಥದ್ದೇ ಬಡಾವಣೆ ಅಂತಲ್ಲ, ಯಾವ ಬಗೆಯ ಜಾಗಕ್ಕೆ ಅದರ ಯೋಗ್ಯತೆಗಿಂತ ಹೆಚ್ಚು ಹೆಸರು ಬಂದಿರುತ್ತೆ ಅಂತ. ಕೆಫೆ-ಪಬ್ಬುಗಳ ಬೀದಿ, ನೀರಿನ ದಂಡೆ, ಮೆಟ್ರೋ ಸ್ಟೇಷನ್ ಪಕ್ಕ, ಹೊರವಲಯದ ದೊಡ್ಡ ಗೇಟೆಡ್ ಟೌನ್‌ಶಿಪ್, ಮರಗಳ ಸಾಲಿನ ಹಳೇ ಬಡಾವಣೆ, "ಮುಂದೆ ಬೆಳೆಯುತ್ತೆ ನೋಡಿ" ಅನ್ನೋ ಜಾಗ. ಈ ಆರರಲ್ಲಿ ಯಾವುದು ಬರೀ ಹೆಸರು, ಯಾವುದರಲ್ಲಿ ನಿಜವಾಗ್ಲೂ ಸತ್ವ ಇದೆ? ಇಷ್ಟ, ಇಷ್ಟವಿಲ್ಲ ಅನ್ನೋದಕ್ಕಿಂತ ಅಳೆದು ನೋಡೋ ದಾರಿ ಹೇಳಿದ್ರೆ ಬಹಳ ಉಪಕಾರ.

ಅಳತೆಪಟ್ಟಿ:

ಮೊದಲು ಒಂದು ಲೆಕ್ಕ. ಬಾಡಿಗೆ ಅನ್ನೋದು ಇವತ್ತು ಆ ಜಾಗದಲ್ಲಿ ಬದುಕೋದಕ್ಕೆ ಜನ ಕೊಡೋ ಬೆಲೆ. ಮಾರಾಟದ ಬೆಲೆಯಲ್ಲಿ ಅದರ ಜೊತೆ ನಾಳಿನ ಆಸೆಯೂ ಸೇರಿರುತ್ತೆ. ಎರಡನ್ನೂ ಬಿಡಿಸಿ ನೋಡಿದ್ರೆ ಆಸೆಗೆ ಎಷ್ಟು ಕೊಡ್ತಿದ್ದೀರಿ ಅಂತ ಗೊತ್ತಾಗುತ್ತೆ.

ಮನೆಯ ಬೆಲೆಯನ್ನ ಅದೇ ಥರದ ಮನೆಯ 12 ತಿಂಗಳ ಬಾಡಿಗೆಯಿಂದ ಭಾಗಿಸಿ. ಬರೋ ಸಂಖ್ಯೆ ಒಂದನ್ನೇ ಹಿಡ್ಕೊಂಡು ಏನೂ ಹೇಳೋಕಾಗಲ್ಲ, ಬಡ್ಡಿ, ತೆರಿಗೆ ಎಲ್ಲ ಅದರಲ್ಲಿ ಬೆರೆತಿರುತ್ತೆ. ಅದೇ ನಗರದಲ್ಲಿ ಪಕ್ಕದ, ಅಷ್ಟೇನೂ ಹೆಸರಿಲ್ಲದ ಏರಿಯಾಗೂ ಇದೇ ಲೆಕ್ಕ ಮಾಡಿ ಎರಡನ್ನೂ ಹೋಲಿಸಿ. ಹೆಸರುವಾಸಿ ಜಾಗದಲ್ಲಿ ಬಾಡಿಗೆ ನೂರಕ್ಕೆ 10 ಹೆಚ್ಚು, ಬೆಲೆ ನೂರಕ್ಕೆ 40 ಹೆಚ್ಚು ಅಂದ್ಕೊಳ್ಳಿ. ಅಲ್ಲಿ ವಾಸಕ್ಕೆ ಸಿಗೋ ಅನುಕೂಲ ಆ 10ರ ಆಸುಪಾಸು, ಮಿಕ್ಕಿದ್ದೆಲ್ಲ ನಿರೀಕ್ಷೆ ಮತ್ತು ಹೆಸರು.

ಈ ಲೆಕ್ಕ ಎಲ್ಲಿ ಕೈಕೊಡುತ್ತೆ ಅಂದ್ರೆ, ಹೋಲಿಸೋ ಮನೆಗಳು ಒಂದೇ ಜಾತಿಯವಾಗಿರದೇ ಇದ್ದಾಗ. ಅಳತೆ, ಕಟ್ಟಡದ ವಯಸ್ಸು, ಮಹಡಿ, ಪಾರ್ಕಿಂಗ್ ಸರಿಸುಮಾರು ಒಂದೇ ಇರಲಿ. ಪೀಠೋಪಕರಣ ಇರೋ ಮನೆಯ ಬಾಡಿಗೆಯನ್ನ ಖಾಲಿ ಮನೆಯದ್ದರ ಜೊತೆ ಇಡಬೇಡಿ. ಜಾಹೀರಾತಲ್ಲಿ ಕೇಳೋ ಬೆಲೆ ಬೇರೆ, ವ್ಯವಹಾರ ಮುಗಿಯೋ ಬೆಲೆ ಬೇರೆ. ಒಂದೊಂದು ಕಡೆ 8ರಿಂದ 10 ಮನೆ ಹಿಡಿದು, ಏರಿಕೆ ಕ್ರಮದಲ್ಲಿ ಜೋಡಿಸಿ, ನಡುವಿನದ್ದನ್ನ ತಗೊಳ್ಳಿ. ಸರಾಸರಿ ಬೇಡ, ಒಂದೇ ಒಂದು ದುಬಾರಿ ಮನೆ ಸರಾಸರಿಯನ್ನ ಕೆಡಿಸುತ್ತೆ.

ಈ ಅಳತೆಯಲ್ಲಿ ಮೊದಲು ಬೀಳೋದು "ಮುಂದೆ ಬೆಳೆಯುತ್ತೆ" ಅನ್ನೋ ಜಾಗ. ಹೊಸ ಮೆಟ್ರೋ ಲೈನ್ ಘೋಷಣೆ ಆದ ದಿನವೇ ಬೆಲೆ ಏರೋಕೆ ಶುರು. ಬಾಡಿಗೆ ಏರೋದು ರೈಲು ಓಡಿದ ಮೇಲೆ. ನಡುವಿನ ವರ್ಷಗಳಲ್ಲಿ ನಿಮ್ಮ ಪಾಲಿಗೆ ಬರೋದು ಸಾಲದ ಬಡ್ಡಿ, ಅಗೆದ ರಸ್ತೆ, ಧೂಳು. ಕೆಲಸ ತಡವಾದಷ್ಟೂ ಆ ಬಡ್ಡಿ ಬೆಳೀತಾನೇ ಹೋಗುತ್ತೆ.

ನಾಲ್ಕುರಸ್ತೆ:

ಟೌನ್‌ಶಿಪ್ ಬಗ್ಗೆ ಹೇಳ್ತೀನಿ, ಅಲ್ಲಿ ಜನ ಈಜುಕೊಳ ಎಣಿಸ್ತಾರೆ, ಗೇಟ್ ಎಣಿಸಲ್ಲ.

ಗೇಟ್‌ನಿಂದ ಮುಖ್ಯ ರಸ್ತೆಗೆ ಸೇರೋ ಸಿಗ್ನಲ್ ಹತ್ತಿರ ವಾರದ ದಿನ ಬೆಳಗ್ಗೆ ಸ್ಟಾಪ್‌ವಾಚ್ ಹಿಡಿದು ನಿಂತ್ಕೊಳ್ಳಿ. ಒಂದು ಸುತ್ತು 120 ಸೆಕೆಂಡು, ಅದರಲ್ಲಿ ನಿಮ್ಮ ಕಡೆಗೆ ಹಸಿರು 30 ಸೆಕೆಂಡು ಅಂದ್ಕೊಳ್ಳಿ. ನಿಂತ ಸಾಲು ಹೊರಟಾಗ ಒಂದು ಲೇನಿನಿಂದ ಸುಮಾರು 2 ಸೆಕೆಂಡಿಗೊಂದು ಕಾರು ದಾಟುತ್ತೆ. ಅಂದ್ರೆ ಒಂದು ಹಸಿರಿಗೆ 15 ಕಾರು. ಗಂಟೆಗೆ 30 ಸುತ್ತು, ಒಟ್ಟು 450. ಒಳಗೆ 2,000 ಮನೆ ಇದ್ದು, ಅದರಲ್ಲಿ ಅರ್ಧದಷ್ಟು ಕಾರು ಬೆಳಗಿನ ಒಂದೇ ಗಂಟೆಯಲ್ಲಿ ಹೊರಡಬೇಕು ಅಂದ್ರೆ 1,000 ಕಾರು. ಲೇನ್ ಒಂದೇ ಇದ್ರೆ ಆ ಸಾಲು ಕರಗೋಕೆ 2 ಗಂಟೆಗೂ ಮೇಲೆ ಬೇಕು. ಎರಡು ಲೇನ್ ಇದ್ರೂ ಒಂದು ಗಂಟೆ ದಾಟುತ್ತೆ. ಇದು ಮುಖ್ಯ ರಸ್ತೆ ಖಾಲಿ ಇದ್ದಾಗಿನ ಲೆಕ್ಕ. ಮುಂದಿನ ಜಂಕ್ಷನ್‌ನಿಂದ ಸಾಲು ಹಿಂದಕ್ಕೆ ಬೆಳೆದು ಬಂದ್ರೆ ಹಸಿರು ಬಂದ್ರೂ ಕಾರು ಕದಲಲ್ಲ.

ಎರಡನೇ ಗೇಟ್ ಇದೆ ಅಂತ ಮಾರೋರು ಹೇಳ್ತಾರೆ. ಅದು ಬೇರೆ ರಸ್ತೆಗೆ ತೆರೆದರೆ ಉಪಯೋಗ. ಎರಡೂ ಗೇಟು ಒಂದೇ ರಸ್ತೆಗೆ ಬಂದು ಅದೇ ಸಿಗ್ನಲ್ ಸೇರೋದಾದ್ರೆ ಒಂದೇ ಕೊಳವೆಗೆ ಎರಡು ಬಾಯಿ ಇಟ್ಟ ಹಾಗೆ. ಇನ್ನೂ ಒಂದು ವಿಷಯ: ಎಲ್ಲ ಮನೆಗಳಿಗೂ ಜನ ಬಂದಿದ್ದಾರಾ ಕೇಳಿ. ಮೂರರಲ್ಲಿ ಒಂದು ಪಾಲು ಮಾತ್ರ ತುಂಬಿದಾಗ ನೋಡಿದ ಟ್ರಾಫಿಕ್ ಪೂರ್ತಿ ತುಂಬಿದಾಗಿನದ್ದಲ್ಲ.

"ಸಿಟಿ ಮಧ್ಯಕ್ಕೆ 30 ನಿಮಿಷ" ಅನ್ನೋ ಮಾತನ್ನ ಹೀಗೆ ಪರೀಕ್ಷಿಸಿ. ಮ್ಯಾಪ್ ಆಪ್‌ನಲ್ಲಿ ಮಂಗಳವಾರದಿಂದ ಗುರುವಾರದೊಳಗೆ ಒಂದು ದಿನ, ಬೆಳಗ್ಗೆ 8:45ಕ್ಕೆ ಹೊರಡೋದು ಅಂತ ಇಡಿ. ಅದು 25ರಿಂದ 55 ನಿಮಿಷ ಅಂತ ತೋರಿಸಿದ್ರೆ ನಿಮ್ಮ ಸಂಖ್ಯೆ 55. ಕೆಲಸಕ್ಕೆ ಹೊತ್ತಿಗೆ ಸರಿಯಾಗಿ ಹೋಗಬೇಕಾದವರು ಸರಾಸರಿ ದಿನಕ್ಕಲ್ಲ, ಕೆಟ್ಟ ದಿನಕ್ಕೆ ಸಮಯ ಎತ್ತಿಡಬೇಕಾಗುತ್ತೆ.

ಕಾಲ್ದಾರಿ:

ಹಳೇ ಮರಗಳ ಬಡಾವಣೆಯನ್ನ ಈ ಪಟ್ಟಿಗೆ ಸೇರಿಸಿರೋದಕ್ಕೆ ನನ್ನ ಒಪ್ಪಿಗೆ ಇಲ್ಲ. ಅದರ ಬೆಲೆಗೆ ಗಟ್ಟಿ ಕಾರಣ ಇದೆ. ನೂರು ಮೀಟರಿಗೊಂದು ತಿರುವು, ಅಡ್ಡರಸ್ತೆ, ಮೂಲೆ ಅಂಗಡಿ. ಒಂದು ಬೀದಿ ಕಟ್ಟಿಕೊಂಡ್ರೆ ಪಕ್ಕದ ಬೀದಿಯಿಂದ ಹೋಗಬಹುದು. ಮರದ ನೆರಳಿಗೆ ಮೂವತ್ತು ನಲವತ್ತು ವರ್ಷ ಬೇಕು, ಹೊಸ ಬಡಾವಣೆ ಅದನ್ನ ಎಷ್ಟು ದುಡ್ಡು ಕೊಟ್ಟರೂ ನಾಳೆ ತರೋಕಾಗಲ್ಲ. ಮಧ್ಯಾಹ್ನ ಎರಡು ಗಂಟೆಗೆ ಆ ಬೀದಿಯಲ್ಲೊಮ್ಮೆ, ಬೋಳು ರಸ್ತೆಯಲ್ಲೊಮ್ಮೆ ಹತ್ತು ನಿಮಿಷ ನಡೆದು ನೋಡಿ.

ಅಲ್ಲಿ ಕೆಡೋದು ಬೇರೆ ರೀತಿ. ಒಂದು ಮನೆ ಇದ್ದ ಸೈಟಿನಲ್ಲಿ ಎಂಟು ಮನೆ ಏಳುತ್ತೆ, ಚರಂಡಿ ಪೈಪು, ನೀರಿನ ಪೈಪು ಮಾತ್ರ ಆ ಒಂದೇ ಮನೆಯ ಕಾಲದ ಅಳತೆಯಲ್ಲಿ ಉಳಿದಿರುತ್ತೆ. ಬೀದಿಯ ಈ ತುದಿಯಿಂದ ಆ ತುದಿಗೆ ನಡೆದು, ಕೆಡವಿದ ಮತ್ತು ಕಟ್ತಾ ಇರೋ ಸೈಟುಗಳನ್ನ ಎಣಿಸಿ. ಐದಕ್ಕೊಂದು ಹಾಗಿದ್ರೆ ನೀವು ಕೊಡ್ತಿರೋ ಬೆಲೆ ಹಳೇ ಬಡಾವಣೆಯದು, ಇನ್ನು ನಾಲ್ಕು ವರ್ಷಕ್ಕೆ ಸಿಗೋದು ಬೇರೆಯದೇ ಬಡಾವಣೆ. ಮ್ಯಾನ್‌ಹೋಲ್ ಮುಚ್ಚಳದ ಸುತ್ತ ಕಪ್ಪು ಕಲೆ, ಮಳೆ ಬಂದ ಮಾರನೇ ದಿನ ವಾಸನೆ, ಇವೆರಡೂ ಪೈಪು ಸೋತಿರೋ ಗುರುತು.

ನನ್ನ ಕೇಳಿದ್ರೆ ಅತಿ ಹೆಚ್ಚು ಹೊಗಳಿಸ್ಕೊಂಡಿರೋದು ನೀರಿನ ದಂಡೆ. ಸಾಧಾರಣ ನಡಿಗೆ ನಿಮಿಷಕ್ಕೆ 80 ಮೀಟರ್, 10 ನಿಮಿಷಕ್ಕೆ 800. ಮನೆ ಸುತ್ತ 800 ಮೀಟರಿನ ವೃತ್ತ ಎಳೆದರೆ ಒಳಗೆ ಸುಮಾರು 2 ಚದರ ಕಿಲೋಮೀಟರ್ ಜಾಗ ಬರುತ್ತೆ. ದಂಡೆ ಮೇಲಿನ ಮನೆಗೆ ಅದರಲ್ಲಿ ಅರ್ಧ ನೀರು. ಅಂಗಡಿ, ಶಾಲೆ, ಬಸ್ ಸ್ಟಾಪು, ಹೊರಗೆ ಹೋಗೋ ರಸ್ತೆ, ಎಲ್ಲ ಉಳಿದ ಅರ್ಧದಲ್ಲೇ ಇರಬೇಕು. ಅಂಗಡಿಯವನಿಗೂ ಅದೇ ಲೆಕ್ಕ, ಗಿರಾಕಿ ಒಂದೇ ಕಡೆಯಿಂದ ಬರೋ ಜಾಗದಲ್ಲಿ ಅವನು ಯಾಕೆ ಅಂಗಡಿ ಹಾಕ್ತಾನೆ? ಅದಕ್ಕೇ ದಂಡೆಯಲ್ಲಿ ತಿನ್ನೋ ಜಾಗ ಸಿಗುತ್ತೆ, ಬಲ್ಬು ಮೊಳೆ ಸಿಗಲ್ಲ. ಹೆದ್ದಾರಿ, ರೈಲು ಹಳಿ, ದೊಡ್ಡ ಕ್ಯಾಂಪಸ್ ಗೋಡೆ ಪಕ್ಕದ ಮನೆಗಳಿಗೂ ಇದೇ ಕೊರತೆ, ಆದ್ರೆ ಅಲ್ಲಿ ಬೆಲೆಯಾದ್ರೂ ಕಡಿಮೆ ಇರುತ್ತೆ. ನೋಟ ಬೇಕಿದ್ರೆ ದಂಡೆಯಿಂದ ಎರಡು ಮೂರು ಬೀದಿ ಒಳಗೆ ಮನೆ ಹಿಡೀರಿ. ಸಂಜೆ ಐದು ನಿಮಿಷ ನಡೆದರೆ ಅದೇ ನೀರು, ಅದೇ ಗಾಳಿ.

ಮೂರನೇಮಹಡಿ:

ಕೆಫೆ-ಪಬ್ ಬೀದಿಗೆ ಬರ್ತೀನಿ. ಮನೆ ತೋರಿಸೋದು ಬೆಳಗ್ಗೆ ಹನ್ನೊಂದಕ್ಕೆ, ಬೀದಿ ಎಚ್ಚರಾಗೋದು ರಾತ್ರಿ ಹನ್ನೊಂದಕ್ಕೆ. ಶುಕ್ರವಾರ ಅಥವಾ ಶನಿವಾರ ರಾತ್ರಿ 11ರಿಂದ 1ರವರೆಗೆ ಆ ಮನೆ ಕೆಳಗೆ ನಿಂತು ಕೇಳಿ. ಬೆಳಗಿನ ಜಾವ 5ಕ್ಕೆ ಇನ್ನೊಮ್ಮೆ, ಕಸದ ಗಾಡಿ, ಬಾಟಲಿ ಸುರಿಯೋ ಸದ್ದು, ಹಿಮ್ಮುಖವಾಗಿ ಬರೋ ಲಾರಿಯ ಬೀಪ್ ಆ ಹೊತ್ತಿನವು.

ಅಂಕಿ ಬೇಕಿದ್ರೆ, ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ವಿಭಾಗ 2018ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ರಸ್ತೆ ಸದ್ದು ರಾತ್ರಿ 45 ಡೆಸಿಬಲ್ ಒಳಗಿರಲಿ ಅಂತಿದೆ. ಸಂಜೆ, ರಾತ್ರಿಗೆ ಹೆಚ್ಚು ತೂಕ ಕೊಟ್ಟು ತೆಗೆಯೋ ಇಡೀ ದಿನದ ಸರಾಸರಿಗೆ ಮಿತಿ 53. ಎರಡೂ ಮನೆಯ ಹೊರಗೋಡೆ ಹತ್ತಿರದ ಅಳತೆ. ಫೋನಿನ ಆಪ್ ಕರಾರುವಾಕ್ಕಾಗಿ ತೋರಿಸಲ್ಲ. ಆದ್ರೆ ಒಂದೇ ಫೋನಿನಿಂದ ಎರಡು ಮನೆ ಹೋಲಿಸೋಕೆ ಸಾಕು. ಮೈಕ್ ಮೇಲೆ ಬೆರಳು ಬೇಡ, ಗಾಳಿ ಬೀಸೋವಾಗ ಬೇಡ, ಒಂದೊಂದು ಕಡೆ ಕನಿಷ್ಠ 15 ನಿಮಿಷ ಹಿಡೀರಿ.

ಡಬಲ್ ಗ್ಲಾಸ್ ಹಾಕಿದ್ದೀವಿ ಅಂದ ಕೂಡಲೇ ನಂಬಬೇಡಿ. ಕಿಟಕಿಯ ವಿಸ್ತೀರ್ಣದಲ್ಲಿ ನೂರಕ್ಕೆ 1ರಷ್ಟು ಸಂದಿ ಇದ್ರೂ ಸಾಕು, ಗಾಜು ಎಷ್ಟೇ ದಪ್ಪ ಇರಲಿ, ಒಟ್ಟು ತಡೆ 20 ಡೆಸಿಬಲ್ ಸುತ್ತಮುತ್ತಲೇ ನಿಂತುಬಿಡುತ್ತೆ. ಕಿಟಕಿ ಮುಚ್ಚಿ, ಅಂಚಿನಲ್ಲಿ ಒಂದು ಹಾಳೆ ಸಿಕ್ಕಿಸಿ ಎಳೆದು ನೋಡಿ. ಸಲೀಸಾಗಿ ಜಾರಿ ಬಂದ್ರೆ ರಬ್ಬರ್ ಪಟ್ಟಿ ಸವೆದಿದೆ. ಗಾಳಿಗೆ ಅಂತ ಬಿಟ್ಟ ಜಾಲರಿ, ಏಸಿ ಪೈಪು ಹಾಯಿಸಿದ ತೂತು, ಇವನ್ನೂ ನೋಡಿ. ಇಷ್ಟೆಲ್ಲ ಸರಿ ಇದ್ರೂ ಸ್ಪೀಕರಿನ ದುಮ್ ದುಮ್ ನಿಲ್ಲೋದು ಕಷ್ಟ, ಕೆಳಮಟ್ಟದ ಕಂಪನವನ್ನ ತಡೆಯೋಕೆ ಭಾರವಾದ ಗೋಡೆಯೇ ಬೇಕು.

ಹಾಗಂತ ಇಡೀ ಏರಿಯಾ ಬಿಡಬೇಕಾಗಿಲ್ಲ. ಎಡೆಬಿಡದೆ ವಾಹನ ಓಡೋ ರಸ್ತೆಯಿಂದ ದೂರ ಎರಡು ಪಟ್ಟಾದಾಗಲೆಲ್ಲ ಸದ್ದು ಸುಮಾರು 3 ಡೆಸಿಬಲ್ ಇಳಿಯುತ್ತೆ. 10 ಮೀಟರಿನಿಂದ 80 ಮೀಟರಿಗೆ ಹೋದರೆ 9. ಕಿವಿಗೆ 10 ಡೆಸಿಬಲ್ ಕಮ್ಮಿ ಅಂದ್ರೆ ಹೆಚ್ಚುಕಮ್ಮಿ ಅರ್ಧ ಸದ್ದು. ನಡುವೆ ಸಂದಿಯಿಲ್ಲದ ಕಟ್ಟಡದ ಸಾಲು ಬಂದ್ರೆ ಇನ್ನೂ ತಗ್ಗುತ್ತೆ. ಒಂದು ಸಾಲು ಮರ ಕಣ್ಣಿಗೆ ತಂಪು ಅಷ್ಟೇ, ಸದ್ದನ್ನ ತಡೆಯಲ್ಲ. ಹಾಗಾಗಿ ಅದೇ ಏರಿಯಾದಲ್ಲಿ ಎರಡನೇ ಅಡ್ಡರಸ್ತೆಯ, ಮಲಗೋ ಕೋಣೆ ಹಿಂದಕ್ಕಿರೋ ಮನೆ ಚೆನ್ನಾಗೇ ಇರಬಹುದು. ಬೈಯೋದಾದ್ರೆ ಬೀದಿಯನ್ನ ಬೈಯಿರಿ, ಬಡಾವಣೆಯನ್ನಲ್ಲ.

ಗೂಡು:

ಅಳತೆಪಟ್ಟಿಯವರ ಲೆಕ್ಕದಲ್ಲಿ ಒಂದು ತೂತಿದೆ. ಪಬ್ ಬೀದಿಯಲ್ಲಿ ಮೂರು ಜನ ಸೇರಿ ಒಂದು ಮನೆ ಹಿಡೀತಾರೆ, ಮೂರು ಸಂಬಳದಿಂದ ಬಾಡಿಗೆ ಕಟ್ತಾರೆ. ದಿನದ ಲೆಕ್ಕಕ್ಕೆ ಪ್ರವಾಸಿಗಳಿಗೆ ಕೊಡೋ ಮನೆಗಳೂ ಅಲ್ಲೇ ಹೆಚ್ಚು. ಎರಡೂ ಸೇರಿ ಬಾಡಿಗೆಯನ್ನ ಮೇಲಕ್ಕೆ ಎತ್ತಿರುತ್ತೆ. ಬೆಲೆಯನ್ನ ಬಾಡಿಗೆಯಿಂದ ಭಾಗಿಸಿದ್ರೆ ಸಂಖ್ಯೆ ಚಿಕ್ಕದಾಗಿ, ಆ ಬೀದಿ ನ್ಯಾಯವಾದ ಬೆಲೆಯದ್ದು ಅಂತ ಕಾಣುತ್ತೆ. ಒಂದೇ ಸಂಬಳದಲ್ಲಿ ಮಕ್ಕಳು ಮರಿ ಕಟ್ಕೊಂಡು ಹೋಗೋ ಮನೆಗೆ ಆ ಸಂಖ್ಯೆ ಮೋಸ.

ಅಳತೆಪಟ್ಟಿ:

ಗೂಡು ಹೇಳಿದ್ದು ಸರಿ, ಒಪ್ಪಿದೆ. ಹಾಗಿದ್ರೆ ಇನ್ನೊಂದು ಪರೀಕ್ಷೆ ಸೇರಿಸ್ಕೊಳ್ಳಿ: ಜನ ಅಲ್ಲಿ ಎಷ್ಟು ದಿನ ನಿಲ್ತಾರೆ. ಒಂದು ಕಟ್ಟಡದ ಹತ್ತು ಮನೆಗಳಲ್ಲಿ ಮೂರು ವರ್ಷಕ್ಕಿಂತ ಹೆಚ್ಚು ಕಾಲದಿಂದ ಇರೋರು ಎಷ್ಟು ಮನೆ ಅಂತ ಕಾವಲುಗಾರನನ್ನ ಕೇಳಿ, ಅವರಿಗೆ ಗೊತ್ತಿರುತ್ತೆ. ಬಾಡಿಗೆ ಜಾಸ್ತಿ, ನಿಲ್ಲೋರು ಕಮ್ಮಿ ಅಂದ್ರೆ ಜನ ಹೆಸರು ಕೇಳಿ ಬಂದು, ಒಂದು ಒಪ್ಪಂದದ ಅವಧಿ ಮುಗಿಸಿ ಹೊರಡ್ತಿದ್ದಾರೆ. ಕೆಲವು ಮನೆ ಮಾತ್ರ ಪದೇ ಪದೇ ಖಾಲಿ ಆಗ್ತಿದ್ರೆ ಅವು ಕಟ್ಟಡದ ಯಾವ ಮೂಲೆಯವು ನೋಡಿ. ಲಿಫ್ಟ್ ಯಂತ್ರದ ಕೆಳಗೆ, ಜನರೇಟರ್ ಪಕ್ಕ, ಹೋಟೆಲಿನ ಹೊಗೆಕೊಳವೆ ಕಡೆ, ಹೀಗೇ ಏನೋ ಇರುತ್ತೆ.

ಹೊಸಿಲು:

ಇಷ್ಟು ವಿವರವಾಗಿ ಬರೆದದ್ದಕ್ಕೆ ಎಲ್ಲರಿಗೂ ಧನ್ಯವಾದ. ಮೆಟ್ರೋ ಪಕ್ಕದ್ದನ್ನ ಯಾರೂ ಮುಟ್ಟಲಿಲ್ಲ. "ಸ್ಟೇಷನ್‌ನಿಂದ 500 ಮೀಟರ್" ಅಂದ್ರೆ ಕಣ್ಣುಮುಚ್ಚಿ ತಗೋಬಹುದಾ?

ಕಾಲ್ದಾರಿ:

ಬೇಡ. ಜಾಹೀರಾತಿನ 500 ಮೀಟರ್ ಸಾಮಾನ್ಯವಾಗಿ ನಕ್ಷೆ ಮೇಲೆ ನೇರ ಗೆರೆ ಎಳೆದ ದೂರ. ನಡುವೆ ಕಾಂಪೌಂಡ್ ಗೋಡೆಯೋ ಹಳಿಯೋ ಬಂದ್ರೆ ಕಾಲಿಗೆ ಅದು 900 ಆಗಬಹುದು. ಮನೆ ಬಾಗಿಲಿನಿಂದ ಪ್ಲಾಟ್‌ಫಾರ್ಮಿನ ಅಂಚಿನವರೆಗೆ ಗಡಿಯಾರ ನೋಡ್ತಾ ನಡೀರಿ. ಸಿಗ್ನಲ್ ದಾಟೋ ಕಾಯುವಿಕೆ, ತಪಾಸಣೆ ಸಾಲು, ಮೆಟ್ಟಿಲು ಎಲ್ಲ ಸೇರಲಿ. ನೆಲದಡಿ ಆಳದ ಸ್ಟೇಷನ್ ಆದ್ರೆ ಗೇಟಿನಿಂದ ರೈಲಿನವರೆಗೇ ಮೂರ್ನಾಲ್ಕು ನಿಮಿಷ ಹೋಗುತ್ತೆ. ಯಾವ ಪ್ರವೇಶದ್ವಾರ ತೆರೆದಿದೆ ಅನ್ನೋದೂ ಮುಖ್ಯ, ರಸ್ತೆಯ ಆಚೆ ಬದಿಯದ್ದು ಮಾತ್ರ ತೆರೆದಿದ್ರೆ ಲೆಕ್ಕ ಬುಡಮೇಲು. ಎತ್ತರದ ಹಳಿ ತಿರುವು ತಗೊಳ್ಳೋ ಜಾಗದ ಎದುರು ಮನೆ ಬೇಡವೇ ಬೇಡ, ಚಕ್ರ ಕಿರ್ರೆನ್ನೋದು ಅಲ್ಲೇ.

ನಾಲ್ಕುರಸ್ತೆ:

ಅದರ ಜೊತೆ, ಸ್ಟೇಷನ್‌ಗೆ ಬಸ್ಸಲ್ಲಿ ಹೋಗೋ ದೂರದ ಮನೆ ಆದ್ರೆ "10 ನಿಮಿಷಕ್ಕೊಂದು ಬಸ್" ಅನ್ನೋದನ್ನ ಬಿಡಿಸಿ ನೋಡಿ. ಸರಿಯಾಗಿ 10 ನಿಮಿಷಕ್ಕೊಂದು ಬಂದ್ರೆ ಸರಾಸರಿ ಕಾಯೋದು 5 ನಿಮಿಷ. ಟ್ರಾಫಿಕ್‌ನಲ್ಲಿ ಬಸ್ಸುಗಳು ಒಂದರ ಬೆನ್ನಿಗೊಂದು ಅಂಟಿಕೊಂಡು, 18 ನಿಮಿಷ ಬಿಟ್ಟು ಒಂದು, 2 ನಿಮಿಷಕ್ಕೆ ಇನ್ನೊಂದು ಬರ್ತಿದ್ರೆ ಗಂಟೆಗೆ ಬಸ್ಸು ಅಷ್ಟೇ, ಕಾಯೋದು ಮಾತ್ರ ಸರಾಸರಿ 8 ನಿಮಿಷಕ್ಕೂ ಮೇಲೆ. ಯಾಕಂದ್ರೆ ಹೆಚ್ಚು ಜನ ಸ್ಟಾಪಿಗೆ ಬರೋದು ಆ ಉದ್ದ ಸಂದಿನಲ್ಲೇ. ಮೊದಲನೇ ಬಸ್ಸು ತುಂಬಿ ತುಳುಕ್ತಾ ಇರುತ್ತೆ, ಹಿಂದಿನದ್ದು ಖಾಲಿ. ಸ್ಟಾಪಲ್ಲಿ ಒಂದು ಗಂಟೆ ಕೂತು ಬಂದ ಹೊತ್ತು ಬರೆದುಕೊಂಡ್ರೆ ಸಾಕು. ಹೊರಡೋ ಡಿಪೋ ಹತ್ತಿರ ಇದ್ದಷ್ಟೂ ಬಸ್ಸುಗಳು ಬಿಡಿಬಿಡಿಯಾಗಿ ಬರ್ತವೆ, ದೂರ ಹೋದಷ್ಟೂ ಗುಂಪಾಗ್ತವೆ.

ಇಳಿಜಾರು:

ನೀರಿನ ಮಾತು ಬಂತು, ಆದ್ರೆ ದಂಡೆಯ ನೋಟಕ್ಕಷ್ಟೇ ನಿಂತಿತು. ಹೆಸರುವಾಸಿ ಆದ ಎಷ್ಟೋ ಬಡಾವಣೆ ಎದ್ದಿರೋದು ಸುತ್ತಲಿನ ಮಳೆನೀರು ಬಂದು ಸೇರೋ ತಗ್ಗಿನಲ್ಲಿ. ನೆಲ ಮಟ್ಟಸವಾಗಿ ಕಾಣುತ್ತೆ, ಆದ್ರೆ ನೀರಿಗೆ ಅದು ತಗ್ಗು ಅಂತ ಗೊತ್ತು. ಸಮೋನ್ನತ ರೇಖೆಗಳಿರೋ (ಅಂದ್ರೆ ಒಂದೇ ಎತ್ತರದ ಜಾಗಗಳನ್ನ ಸೇರಿಸೋ ಗೆರೆಗಳಿರೋ) ನಕ್ಷೆ ತೆಗೆದು ಮನೆ ಇರೋ ಜಾಗದ ಎತ್ತರ, ಸುತ್ತ 500 ಮೀಟರಿನ ಎತ್ತರ ಹೋಲಿಸಿ. ಮೂರು ದಿಕ್ಕು ಎತ್ತರ ಇದ್ದು ನಾಲ್ಕನೆಯದು ಕಟ್ಟಡದಿಂದ ಮುಚ್ಚಿದ್ರೆ ಬಿಟ್ಟುಬಿಡಿ.

ಸ್ಥಳದಲ್ಲಿ ಕಾಣೋ ಗುರುತುಗಳು: ನೆಲಮಹಡಿ ಬಾಗಿಲ ಮುಂದೆ ಆಮೇಲೆ ಕಟ್ಟಿದ ಗಿಡ್ಡ ಗೋಡೆ, ತಲೆ ಎತ್ತರಕ್ಕೆ ಏರಿಸಿದ ವಿದ್ಯುತ್ ಮೀಟರ್, ಬೇಸ್‌ಮೆಂಟ್ ಇಳಿಜಾರಿನ ಬಾಯಲ್ಲಿ ದಿಣ್ಣೆ, ಗೋಡೆಯ ಬುಡದಲ್ಲಿ ಸಾಲಾಗಿ ಬಿಳಿ ಉಪ್ಪು ಒಡೆದು ಸುಣ್ಣ ಉದುರಿರೋದು. ಬರೀ ಒಂದು ಮನೆಯಲ್ಲಿ ಇದ್ರೆ ಆ ಮನೆಯ ದೋಷ, ಬೀದಿಯಲ್ಲೆಲ್ಲ ಒಂದೇ ಎತ್ತರಕ್ಕೆ ಇದ್ರೆ ಅದು ನೀರು ನಿಂತ ಮಟ್ಟ. ಹೊಸದಾಗಿ ಬಣ್ಣ ಬಳಿದಿದ್ರೆ ಮೆಟ್ಟಿಲ ಕೆಳಗಿನ ಮೂಲೆ, ಲಿಫ್ಟ್ ಗುಂಡಿ, ಮೀಟರ್ ಪೆಟ್ಟಿಗೆಯ ಹಿಂಭಾಗ ನೋಡಿ, ಅಲ್ಲಿಗೆ ಬ್ರಷ್ ಹೋಗಿರಲ್ಲ.

"ನೂರು ವರ್ಷಕ್ಕೊಮ್ಮೆ ಬರೋ ಪ್ರವಾಹ" ಅನ್ನೋ ಮಾತನ್ನ ಜನ ತಪ್ಪು ತಿಳ್ಕೋತಾರೆ. ಅದರರ್ಥ ಪ್ರತಿ ವರ್ಷವೂ ನೂರಕ್ಕೆ 1ರಷ್ಟು ಸಾಧ್ಯತೆ. 30 ವರ್ಷದ ಸಾಲ ತೀರೋ ಹೊತ್ತಿಗೆ ಒಮ್ಮೆಯಾದ್ರೂ ಬರೋ ಸಾಧ್ಯತೆ ನೂರಕ್ಕೆ 26. ನಾಲ್ಕರಲ್ಲಿ ಒಂದು! ಮೇಲಿನ ಮಹಡಿ ತಗೊಂಡ್ರೆ ನೀರು ಮನೆಯೊಳಗೆ ಬರಲ್ಲ ನಿಜ, ಆದ್ರೆ ಪಂಪು, ಟ್ರಾನ್ಸ್‌ಫಾರ್ಮರ್, ಕಾರು ಎಲ್ಲ ಕೆಳಗೇ ಇರುತ್ತೆ.

ಹೊಸಿಲು:

ಇದೆಲ್ಲ ನೋಡೋಕೆ ಕೈಯಲ್ಲಿ ಒಂದು ವಾರಾಂತ್ಯ, ಒಂದು ಕೆಲಸದ ದಿನ ಅಷ್ಟೇ ಇದ್ರೆ ಯಾವ ಕ್ರಮದಲ್ಲಿ ಹೋಗೋದು?

ಇಳಿಜಾರು:

ನಕ್ಷೆ ಮತ್ತು ಬಾಡಿಗೆಯ ಲೆಕ್ಕ ಮನೆಯಲ್ಲೇ ಕೂತು ಮುಗಿಸಿ, ಅರ್ಧ ಪಟ್ಟಿ ಅಲ್ಲೇ ಉದುರುತ್ತೆ. ಶನಿವಾರ ರಾತ್ರಿ ಸದ್ದಿಗೆ, ಭಾನುವಾರ ಮಧ್ಯಾಹ್ನ ನಡಿಗೆಗೆ, ಕೆಲಸದ ದಿನ ಬೆಳಗ್ಗೆ 7:30ಕ್ಕೆ ಮನೆ ಒಳಗೆ, 8:30ಕ್ಕೆ ಸಿಗ್ನಲ್ ಹತ್ತಿರ. 7:30 ಯಾಕೆ ಅಂದ್ರೆ ಎಲ್ಲರೂ ಸ್ನಾನ ಮಾಡೋ ಹೊತ್ತು ಅದು. ಮೇಲಿನ ಮಹಡಿಯಾದ್ರೆ ಎರಡು ನಲ್ಲಿ ಒಟ್ಟಿಗೆ ಬಿಡಿ, 10 ಲೀಟರ್ ಬಕೆಟ್ ತುಂಬೋಕೆ ಎಷ್ಟು ಸೆಕೆಂಡು ಅಂತ ನೋಡಿ. ನಿಮಿಷ ದಾಟಿದ್ರೆ ಒತ್ತಡ ಸಾಲದು. ನೀರು ಕೆಳಗಿನ ಪೈಪಿನಿಂದ ನೇರ ಬರೋದಾದ್ರೆ 10 ಮೀಟರ್ ಮೇಲೇರೋದಕ್ಕೆ ಸುಮಾರು 1 ಬಾರ್ ಒತ್ತಡ ಖರ್ಚು, ಒಂದೊಂದು ಮಹಡಿಗೆ 0.3. ಮೇಲಿನ ಟ್ಯಾಂಕಿನಿಂದ ಬರೋದಾದ್ರೆ ಕಷ್ಟ ಉಲ್ಟಾ: ಟ್ಯಾಂಕಿನ ತಕ್ಷಣದ ಕೆಳಗಿನ ಮನೆಗೇ ಒತ್ತಡ ಅತಿ ಕಮ್ಮಿ. ಯಾವ ಬಗೆ ಅಂತ ಮೊದಲೇ ಕೇಳಿಟ್ಕೊಳ್ಳಿ, ಆಮೇಲೆ ಬಕೆಟ್ ಇಡಿ.